ಅಕ್ಕನ ಪ್ರಶ್ನೆ ಮತ್ತು ನಮ್ಮ ಮನೆಯ ಮಕ್ಕಳು

॥ ಓಂ ಶ್ರೀಗುರು ಬಸವಲಿಂಗಾಯ ನಮಃ ॥



ಅಕ್ಕಮಹಾದೇವಿಯವರ ಒಂದು ವಚನವನ್ನು ನಮ್ಮ ಅನುಭಾವಗೋಷ್ಠಿಗಳಲ್ಲಿ ಮತ್ತೆ ಮತ್ತೆ ಹಾಡುತ್ತೇವೆ. ಹೆರದವಳಿಗೆ ಹೆರಿಗೆಯ ಸಂಕಟವಾಗಲಿ, ಮಲತಾಯಿಗೆ ಮಗುವಿನ ಮುದ್ದಾಗಲಿ ತಿಳಿಯದಿರುವಂತೆ, ಪೆಟ್ಟು ತಿನ್ನದವರಿಗೆ ಪೆಟ್ಟು ತಿಂದವರ ಯಾತನೆ ತಿಳಿಯದೆಂದು ಹೇಳಿ, ತನ್ನ ದೇಹದೊಳಗೆ ಅಲಗೊಂದು ತುಂಡಾಗಿ ಉಳಿದುಬಿಟ್ಟಿದೆ, ಅದರ ದುಃಖ ನಿಮಗೆ ಹೇಗೆ ಗೊತ್ತಾದೀತು ಎಂದು ಅಕ್ಕನವರು ತಾಯಂದಿರನ್ನು ಕೇಳುವ ವಚನವದು. (ಮೊದಲಿನ ಎರಡು ಹೋಲಿಕೆಗಳು ಇಂದಿನ ಎಷ್ಟೋ ಹೆಣ್ಣುಮಕ್ಕಳ ಕಿವಿಗೆ ಕಠೋರವಾಗಿ ಕೇಳಿಸುತ್ತವೆ. ಅದು ಬೇರೆಯೇ ಜಿಜ್ಞಾಸೆ.) ವ್ಯಾಖ್ಯಾನಕಾರರು ಇದನ್ನು ಶರಣಸತಿ-ಲಿಂಗಪತಿ ಭಾವದ ವಿರಹವೆಂದು ವಿವರಿಸುತ್ತಾರೆ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ವಚನವನ್ನು ಓದುವಾಗ ನಾವು ಗಮನಿಸದೆ ದಾಟಿಬಿಡುವ ಸಂಗತಿಯೊಂದಿದೆ. ನಿಮಗೆ ತಿಳಿಯದು ಎಂದ ಅಕ್ಕನವರು ಆ ತಾಯಂದಿರಿಗೆ ಬೆನ್ನು ಹಾಕಿ ಹೊರಟುಹೋಗುವುದಿಲ್ಲ. ಅವರೆದುರಿಗೇ ನಿಂತು, ಅವರನ್ನು ತಾಯಂದಿರೆಂದೇ ಕರೆದು, ಒಳಗೆ ಮುರಿದುಳಿದದ್ದು ಏನೆಂಬುದನ್ನು ಹೇಳಿಬಿಡುತ್ತಾರೆ. ಕೇಳುವವರು ಅರಿಯದವರೆಂದು ಗೊತ್ತಿದ್ದೂ ಹೇಳುತ್ತಾರೆ. ಕೇಳುವವರು ಯಾರೂ ಬೇಡವೆನಿಸಿದ್ದರೆ ಆ ವಚನವೇ ಹುಟ್ಟುತ್ತಿರಲಿಲ್ಲ.

ಇದೇ ಮಾತನ್ನು ನಾನು 2024ರ ಮಳೆಗಾಲದಲ್ಲಿ, ಮಣಿಪಾಲದ ನಮ್ಮ ಮನೆಯಲ್ಲಿ, ನನ್ನ ತಂಗಿಯ ಮಗಳ ಬಾಯಿಂದ ಕೇಳಿದೆ. “ಮಾಮಾ, ನಿಮಗ ಹೇಳಿದ್ರ ತಿಳಿಯೂದಿಲ್ಲ ಬಿಡ್ರಿ.” ಆಗ ಅವಳಿಗೆ 17 ವರ್ಷ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬರೆದುದನ್ನು ಅವಳಿಗೆ ಓದಿಹೇಳಿ, ಬೇಡವೆಂದ ಎರಡು ಸಂಗತಿಗಳನ್ನು ಕೈಬಿಟ್ಟಿದ್ದೇನೆ. ಹೆಸರು, ಊರು, ಕಾಲೇಜುಗಳ ವಿವರ ಇಲ್ಲಿ ಬೇಡ.

ಕರಾವಳಿಯಲ್ಲಿ ನಮ್ಮ ಸಮಾಜದ ಮನೆಗಳು ವಿರಳ. ಕೆಳದಿಯ ಅರಸರ ಕಾಲದಲ್ಲಿ ಈ ಸೀಮೆಗೂ ಶಿವಶರಣರ ಪರಂಪರೆಗೂ ಇದ್ದ ನಂಟು ಇತಿಹಾಸದ ಮಾತಾಯಿತು. ಈಗ ನಮ್ಮ ಗೋಷ್ಠಿಗೆ ಸೇರುವವರು ಬ್ಯಾಂಕು, ಆಸ್ಪತ್ರೆ, ಕಾಲೇಜುಗಳ ನೌಕರಿಗಾಗಿಯೋ, ಕಟ್ಟಡದ ಕೆಲಸಕ್ಕಾಗಿಯೋ ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರಗಳ ಕಡೆಯಿಂದ ಬಂದವರು. ಇವರಲ್ಲದೆ ಓದುವ ಮಕ್ಕಳೂ ಬರುತ್ತಾರೆ. ಕಾರಣ ಸ್ಪಷ್ಟವಾಗಿದೆ. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇ. 93.90ರೊಂದಿಗೆ ರಾಜ್ಯಕ್ಕೆ ಮೊದಲನೆಯದಾಯಿತು. ಕಡೆಯ ಸ್ಥಾನದಲ್ಲಿದ್ದ ಯಾದಗಿರಿಯದು ಶೇ. 48.45. ಈ ಎರಡು ಸಂಖ್ಯೆಗಳನ್ನು ಪತ್ರಿಕೆಯಲ್ಲಿ ಓದಿದ ಬಯಲುಸೀಮೆಯ ತಂದೆತಾಯಿ ಮಗುವನ್ನು ಘಟ್ಟದ ಕೆಳಗೆ ಕಳಿಸಬೇಕೆಂದು ಯೋಚಿಸಿದರೆ ಅದು ಸಹಜವೇ. ಆದರೆ ಮೊದಲ ಸ್ಥಾನದ ಜಿಲ್ಲೆಯಲ್ಲಿ ನಡುವಿನ ಅಂಕದ ಮಗುವಾಗಿ ಬದುಕುವುದು ಎಷ್ಟು ಕಷ್ಟವೆಂಬುದು ಆ ಪಟ್ಟಿಯಲ್ಲಿ ಅಚ್ಚಾಗುವುದಿಲ್ಲ.

ಅವಳು 2023ರ ಜೂನಿನಲ್ಲಿ, ಮಳೆಯೊಂದಿಗೇ ಬಂದಳು. ಒಣಭೂಮಿಯಲ್ಲಿ ಬೆಳೆದ ಹುಡುಗಿಗೆ ನಾಲ್ಕು ತಿಂಗಳು ಬಿಡದೆ ಸುರಿಯುವ ಆಕಾಶ, ಕುಚ್ಚಲಕ್ಕಿಯ ಅನ್ನ, ಸಹಪಾಠಿಗಳ ನಡುವೆ ತುಳು, ಕೊಂಕಣಿಗಳ ಹರಟೆ, ತನ್ನ ಕನ್ನಡ ಕೇಳಿದ ಕೂಡಲೇ ಏಳುವ ನಗೆ. ಮಕ್ಕಳು ಇದನ್ನೆಲ್ಲ ತಡೆದುಕೊಳ್ಳುತ್ತಾರೆ, ಬಹುಪಾಲು ಮಕ್ಕಳು ಗೆದ್ದೂ ಗೆಲ್ಲುತ್ತಾರೆ. ಆದ್ದರಿಂದ ಇವುಗಳನ್ನೇ ಕಾರಣವೆಂದು ಹೇಳಲಾರೆ. ಖಿನ್ನತೆಯೆಂಬ ಕಾಯಿಲೆಗೆ ಇಂಥದೇ ಒಂದು ಕಾರಣವೆಂದು ಬೊಟ್ಟುಮಾಡಿ ತೋರಿಸಲು ಸಾಮಾನ್ಯವಾಗಿ ಆಗುವುದಿಲ್ಲವೆಂದು ವೈದ್ಯರೂ ಹೇಳಿದರು.

ಎರಡನೆಯ ವರ್ಷದಲ್ಲಿ ಅವಳ ನಿದ್ರೆ ಕೆಟ್ಟಿತು. ಊಟ ಕಡಿಮೆಯಾಯಿತು. ಅಳುವುದಕ್ಕಿಂತ ಸಿಡುಕುವುದು ಹೆಚ್ಚಾಯಿತು. ಹರೆಯದವರಲ್ಲಿ ಖಿನ್ನತೆಯು ದುಃಖದ ರೂಪಕ್ಕಿಂತ ಸಿಡುಕಿನ ರೂಪದಲ್ಲಿಯೇ ಎಷ್ಟೋ ವೇಳೆ ಕಾಣಿಸುತ್ತದೆಯಂತೆ. ಜೊತೆಗೆ ತಲೆನೋವು, ಹೊಟ್ಟೆನೋವು, ಹಾಡುವುದರಲ್ಲಿ ಇದ್ದ ಆಸಕ್ತಿ ಮಾಯವಾದದ್ದು. ಇಂಥ ಬದಲಾವಣೆ ಎರಡು ವಾರಕ್ಕೂ ಮೀರಿ ದಿನವೂ ಉಳಿದರೆ ಅದನ್ನು ವಯಸ್ಸಿನ ಚಾಂಚಲ್ಯವೆಂದು ಬಿಡಬಾರದು.

ಆದರೆ ನನ್ನ ಪತ್ನಿಯ ಗಮನಕ್ಕೆ ಬಂದದ್ದು ಪೂಜೆ. ನಮ್ಮ ಮನೆಯಲ್ಲಿ ಬೆಳಗಿನ ಇಷ್ಟಲಿಂಗಪೂಜೆಗೆ ಎಲ್ಲರೂ ಒಟ್ಟಿಗೆ ಕೂಡುತ್ತೇವೆ. ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿಯ ಸಮಕ್ಕೆ ಎತ್ತಿದಾಗ ತೋಳು ಸರಿದು ಮುಂಗೈ ಕಾಣುತ್ತದೆ. ಆ ಹುಡುಗಿ ಒಂದು ತಿಂಗಳಿಂದ ನಮ್ಮೊಡನೆ ಕೂಡುತ್ತಿರಲಿಲ್ಲ. ಕೂತರೂ ಆ ಸೆಕೆಯಲ್ಲಿ ಮಣಿಕಟ್ಟಿನವರೆಗೆ ತೋಳಿನ ಅಂಗಿ. ಊರಿನ ಬಂಧುಗಳು ಫೋನಿನಲ್ಲಿ “ಕಾಲೇಜಿಗೆ ಹ್ವಾದ ಮ್ಯಾಲ ಹುಡುಗಿಗೆ ಭಕ್ತಿ ಕಡಿಮಿ ಆತು” ಎಂದರು. ನನ್ನ ಪತ್ನಿಗೆ ಹಾಗೆನಿಸಲಿಲ್ಲ. ಅವಳು ಒಂದು ಸಂಜೆ ಹುಡುಗಿಯ ತಲೆಗೆ ಎಣ್ಣೆ ಹಚ್ಚುತ್ತಾ, “ಕೈ ನೋವು ಆಗೇದೇನವ್ವಾ?” ಎಂದಷ್ಟೇ ಕೇಳಿದಳು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ತೋಳು ಸರಿಸಿದಳು. ಗಾಯದ ಗೆರೆಗಳು, ಕೆಲವು ಹಳೆಯವು, ಕೆಲವು ಹೊಸವು. ನನ್ನ ಪತ್ನಿ ಕೂಗಲಿಲ್ಲ. ಬಿಸಿನೀರು, ಹತ್ತಿ ತಂದು ಹೊಸ ಗಾಯವನ್ನು ತೊಳೆದಳು. ಆಮೇಲೆ ನನ್ನನ್ನು ಕರೆದಳು. ನಾನು ಏನಾಯಿತೆಂದು ಕೇಳಿದಾಗ ಬಂದ ಉತ್ತರವೇ ಮೇಲೆ ಹೇಳಿದ್ದು.

ಅದಕ್ಕೆ ನಾನು, “ಹೌದವ್ವಾ, ನನಗ ತಿಳಿಯೂದಿಲ್ಲ. ಆದ್ರ ಎದ್ದೂ ಹೋಗೂದಿಲ್ಲ” ಎಂದೆ. ಅಕ್ಕನವರ ವಚನ ಆ ಕ್ಷಣಕ್ಕೆ ನೆನಪಾಯಿತೆಂದು ಹೇಳಿದರೆ ಸುಳ್ಳಾದೀತು. ಅದು ಬಂದದ್ದು ಹಲವು ದಿನಗಳ ನಂತರ.

ಮಾತು ಹೊರಬಂದದ್ದು ಕಾಪುವಿನಲ್ಲಿ. ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ದೂರದಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭವಿರುವ ಕಡಲತೀರ. ಮಳೆ ಬಿಟ್ಟ ಒಂದು ಭಾನುವಾರ ಮರಳಿನ ಮೇಲೆ ಮೂವರೂ ಕುಳಿತೆವು. ಎದುರೆದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಪ್ರಶ್ನಿಸುವುದಕ್ಕಿಂತ, ಪಕ್ಕಪಕ್ಕದಲ್ಲಿ ಕೂತು ಒಂದೇ ಕಡೆ ನೋಡುತ್ತಿರುವಾಗ ಹರೆಯದವರಿಗೆ ಮಾತಾಡುವುದು ಸುಲಭವೆಂದು ನನಗೆ ಅಂದು ತಿಳಿಯಿತು. ಒಳಗೆ ಒಂದೇ ಸಮನೆ ಗದ್ದಲ, ಅದು ಮಿತಿಮೀರಿದಾಗ ಹೀಗೆ ಮಾಡಿಕೊಳ್ಳುತ್ತೇನೆ, ಸ್ವಲ್ಪ ಹೊತ್ತು ಅದು ನಿಂತ ಹಾಗೆ ಅನಿಸುತ್ತದೆ, ಬಳಿಕ ನಾಚಿಕೆಯಿಂದ ಗದ್ದಲ ಇಮ್ಮಡಿಯಾಗುತ್ತದೆ ಎಂದಳು. ಸಾಯಬೇಕೆಂದು ಅನಿಸುತ್ತದೆಯೇ ಎಂದು ನಾನು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂದು ಹಿರಿಯರು ಹೆದರುತ್ತಾರೆ. ವೈದ್ಯಶಾಸ್ತ್ರದ ಅನುಭವ ಇದಕ್ಕೆ ವಿರುದ್ಧವಾಗಿದೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಅವಳು ಒಂದೆರಡು ಸಲ ಅನಿಸಿದ್ದುಂಟು ಎಂದಳು. ಮನೆಗೆ ಮರಳಿದ ರಾತ್ರಿಯೇ ಮನೆಯಲ್ಲಿದ್ದ ಮಾತ್ರೆಗಳನ್ನೂ ತೋಟದ ಔಷಧವನ್ನೂ ಬೀಗದ ಕಪಾಟಿಗೆ ಸೇರಿಸಿದೆವು. ಮರುದಿನ ಮನೋವೈದ್ಯರ ಬಳಿಗೆ ಹೋದೆವು.

ಈ ವಿಷಯದಲ್ಲಿ ಉಡುಪಿ ಸೀಮೆಯವರು ಅದೃಷ್ಟವಂತರು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಆರಂಭಿಸಿದ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಿದೆ; ಅಲ್ಲಿಯ ಮನೋವೈದ್ಯರಾದ ಡಾ. ಪಿ.ವಿ. ಭಂಡಾರಿಯವರ ಹೆಸರು ಮದ್ಯವ್ಯಸನ ಬಿಡಿಸುವ ಕಾರ್ಯದಿಂದ ಜಿಲ್ಲೆಯಲ್ಲಿ ಪರಿಚಿತ. ಅಜ್ಜರಕಾಡಿನಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆಯಿದೆ. ನಾವು ಇವುಗಳಲ್ಲಿ ಎಲ್ಲಿಗೆ ಹೋದೆವೆಂಬುದು ಮುಖ್ಯವಲ್ಲ.

ವೈದ್ಯರು ಮೊದಲು ಹುಡುಗಿಯೊಬ್ಬಳೊಡನೆ, ಆಮೇಲೆ ನಮ್ಮೊಡನೆ ಮಾತನಾಡಿದರು. ತನ್ನನ್ನು ತಾನು ಗಾಯಗೊಳಿಸಿಕೊಳ್ಳುವುದು ಸಾಮಾನ್ಯವಾಗಿ 12ರಿಂದ 14ರ ವಯಸ್ಸಿನಲ್ಲಿ ಆರಂಭವಾಗುತ್ತದೆ. ಇತರರ ಗಮನ ಸೆಳೆಯಲು ಹೀಗೆ ಮಾಡುತ್ತಾರೆಂಬ ಮಾತು ಬಲವಾಗಿ ಪ್ರಚಾರದಲ್ಲಿದೆ. ಗಮನ ಬೇಕಾದವರು ಸೆಕೆಗಾಲದಲ್ಲಿ ತೋಳು ಮುಚ್ಚಿಕೊಂಡು ಓಡಾಡುವುದೇಕೆ? ಬಹುಪಾಲು ಮಕ್ಕಳು ಇದನ್ನು ಬಚ್ಚಿಡುತ್ತಾರೆ. ಹೆಸರಿಡಲು ಬಾರದ ಸಂಕಟವನ್ನು ಸಹಿಸಿಕೊಳ್ಳುವ ಬೇರೆ ದಾರಿ ಕಾಣದಾಗ ದೇಹದ ಮೇಲೆ ಅದನ್ನು ಇಳಿಸುತ್ತಾರೆ. ಆ ಗಳಿಗೆಯಲ್ಲಿ ಸಾಯುವ ಉದ್ದೇಶ ಇಲ್ಲದಿರಬಹುದು. ಹಾಗೆಂದು ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ಇಂಥ ಮಕ್ಕಳು ಮುಂದೆ ಆತ್ಮಹತ್ಯೆಗೆ ಯತ್ನಿಸುವ ಅಪಾಯ ಉಳಿದವರಿಗಿಂತ ಹೆಚ್ಚು. ಆಪ್ತಸಲಹೆಯಲ್ಲಿ ಸಂಕಟದ ಅಲೆ ಏಳುವುದನ್ನು ಗುರುತಿಸಿ ಅದು ಇಳಿಯುವವರೆಗೆ ತಾಳಿಕೊಳ್ಳುವುದನ್ನು ಕಲಿಸುತ್ತಾರೆ. ಖಿನ್ನತೆ ತೀವ್ರವಾಗಿದ್ದರೆ ಮಾತ್ರೆಯನ್ನೂ ಕೊಡುತ್ತಾರೆ. ಮಾತ್ರೆ ಪರಿಣಾಮ ತೋರಲು ಕೆಲವು ವಾರಗಳು ಬೇಕು. ಆರಂಭದ ದಿನಗಳಲ್ಲಿ ಮಗುವನ್ನು ಹೆಚ್ಚು ಎಚ್ಚರದಿಂದ ನೋಡಿಕೊಳ್ಳಬೇಕು. ಹುಷಾರಾಯಿತೆಂದು ನಾವೇ ನಿಲ್ಲಿಸಬಾರದು.

ಇಲ್ಲಿಯವರೆಗಿನದು ಆಸ್ಪತ್ರೆಯ ಮಾತಾಯಿತು. ಕಷ್ಟದ ಭಾಗ ನಮ್ಮವರ ನಡುವೆಯೇ ಇತ್ತು. ಸುದ್ದಿ ತಿಳಿದ ಬಂಧುವೊಬ್ಬರು ಊರಿನಿಂದ ಬಂದರು. ಮನಸ್ಸು ಒಳ್ಳೆಯದು, ವಚನಗಳೂ ಬಾಯಿಪಾಠ. ಅಂಗವು ಲಿಂಗಕ್ಕೆ ನೆಲೆ, ಬಸವಣ್ಣನವರು ದೇಹವನ್ನೇ ದೇವಾಲಯವೆಂದಿದ್ದಾರೆ, ಅದನ್ನು ಗಾಯಗೊಳಿಸುವುದು ದೇವಾಲಯ ಕೆಡವಿದ ಪಾಪ ಎಂದು ಅವಳಿಗೆ ಬೋಧಿಸಿದರು. ಬಳಿಕ ಇಷ್ಟಲಿಂಗ ಮುಟ್ಟಿಸಿ, ಇನ್ನು ಮಾಡುವುದಿಲ್ಲವೆಂದು ಆಣೆ ಮಾಡಿಸಿದರು.

ಬಸವಣ್ಣನವರ ಆ ವಚನ ಯಾರ ಬಾಯಿಯಿಂದ ಬಂದಂತಿದೆ ನೋಡಿ. ಉಳ್ಳವರಂತೆ ಗುಡಿ ಕಟ್ಟಿಸಲಾರದ ಬಡವನೊಬ್ಬನ ನೆಲೆಯಿಂದ ಅದು ಹೊರಟಿದೆ. ಏನೂ ಇಲ್ಲದವನಿಗೆ, ನಿನ್ನ ಕಾಲು, ನಿನ್ನ ತಲೆ, ನಿನ್ನ ಈ ಮೈಯೇ ಸಾಕು ಎಂದು ಘನತೆ ಕೊಡುವ ವಚನ. ತನ್ನಲ್ಲಿ ಏನೂ ಉಳಿದಿಲ್ಲವೆಂದು ಕುಸಿದು ಕೂತ ಹುಡುಗಿಗೆ ಅದನ್ನು ಸಮಾಧಾನವಾಗಿ ಹೇಳಬಹುದಿತ್ತು. ದೋಷಾರೋಪಣೆಯಾಗಿ ಹೇಳಿದರೆ ಅದೇ ವಚನ ಚಾಟಿಯಾಗುತ್ತದೆ. ಈಗಾಗಲೇ ತನ್ನನ್ನು ತಾನು ಶಿಕ್ಷಿಸಿಕೊಳ್ಳುತ್ತಿರುವ ಮಗುವಿಗೆ ಪಾಪವೆಂಬ ಮಾತು ಇನ್ನೊಂದು ಕಾರಣ ಒದಗಿಸುತ್ತದೆ, ಅಷ್ಟೆ.

ಆಣೆಯ ಪರಿಣಾಮ ಇನ್ನೂ ಕೆಟ್ಟದಾಯಿತು. ಮೂರನೆಯ ವಾರ ಒಂದು ರಾತ್ರಿ ಅವಳು ಮತ್ತೆ ಗಾಯಮಾಡಿಕೊಂಡಳು. ಈ ಸಲ ಲಿಂಗದ ಆಣೆ ಮುರಿದ ಭಯಕ್ಕೆ ಅತ್ತೆಗೂ ಹೇಳಲಿಲ್ಲ. ಕೊರಳ ಲಿಂಗವನ್ನು ತೆಗೆದು ಜಗಲಿಯ ಮೇಲಿಟ್ಟಿದ್ದಳು, ತಾನು ಅದಕ್ಕೆ ಯೋಗ್ಯಳಲ್ಲವೆಂದು. ಬಂಧುಗಳೆ, ಇದಕ್ಕಿಂತ ದೊಡ್ಡ ಹಾನಿ ಯಾವುದು? ಕೊಡಲಾಗದ ವಚನವನ್ನು ಕಿತ್ತುಕೊಳ್ಳಬೇಡಿ ಎಂದು ವೈದ್ಯರು ತಿಳಿಹೇಳಿದರು. ಈ ಹಾದಿಯಲ್ಲಿ ಹಿಂದಕ್ಕೆ ಬೀಳುವುದು ಸಾಮಾನ್ಯ; ಬಿದ್ದ ದಿನ ಹೇಳಿಕೊಳ್ಳಲು ಧೈರ್ಯವಿರಬೇಕು, ಅಷ್ಟನ್ನು ಮಾತ್ರ ಕಾಪಾಡಿ ಎಂದರು. ನನ್ನ ಪತ್ನಿ ಲಿಂಗವನ್ನು ಹುಡುಗಿಯ ಕೈಗೆ ಮರಳಿ ಕೊಡುವಾಗ, “ಇದು ನೀ ಶಾಣ್ಯಾಕಿ ಇದ್ದೀ ಅಂತ ಕೊಟ್ಟದ್ದಲ್ಲ, ನಿನ್ನ ಸಂಗಾತಿ ಅಂತ ಕೊಟ್ಟದ್ದು” ಎಂದಳು. ಷಟ್‌ಸ್ಥಲದ ಮೇಲೆ ನಾನು ಕೇಳಿದ ಎಷ್ಟೋ ಉಪನ್ಯಾಸಗಳಿಗಿಂತ ಆ ಮಾತು ನನಗೆ ಹೆಚ್ಚಿನದೆನಿಸಿತು.

ಭಕ್ತಿ ಗಟ್ಟಿಯಿದ್ದರೆ ಮಾತ್ರೆ ಏಕೆ ಎಂದು ಕೇಳುವವರಿದ್ದಾರೆ. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬವರು ಇದ್ದರೆಂಬುದನ್ನು ಅವರಿಗೆ ನೆನಪಿಸಬೇಕು. ವೈದ್ಯವನ್ನೇ ಕಾಯಕವಾಗಿ ಮಾಡಿಕೊಂಡು ವಚನ ಬರೆದವರು ಅವರು. ರೋಗಕ್ಕೆ ಮದ್ದು ಮಾಡುವುದು ಭಕ್ತಿಗೆ ಕುಂದೆಂದು ಕಲ್ಯಾಣದ ಶರಣರು ಭಾವಿಸಿದ್ದರೆ ಅವರಿಗೆ ಆ ಬಳಗದಲ್ಲಿ ಸ್ಥಾನವಿರುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಪೂಜೆಗೆ ಕೂಡುವ ನಾವು ಮನಸ್ಸಿನ ಕಾಯಿಲೆಗೆ ಮಾತ್ರ ಬೇರೆ ನ್ಯಾಯ ಹೇಳುವುದು ನನಗಂತೂ ಒಪ್ಪಿಗೆಯಾಗದು.

ಆಸ್ಪತ್ರೆ ಹತ್ತಿರವಿದ್ದು ಕೈಯಲ್ಲಿ ನಾಲ್ಕು ಕಾಸಿದ್ದ ನಮ್ಮ ಮಾತು ಇದಾಯಿತು. ಕಾರ್ಕಳದ ಗೊಮ್ಮಟಬೆಟ್ಟದ ಆಚೆ ಬಾಡಿಗೆ ಮನೆಯಲ್ಲಿರುವ, ನಮ್ಮ ಕಡೆಯಿಂದಲೇ ಕಲ್ಲುಕೆಲಸಕ್ಕೆ ಬಂದ ಕುಟುಂಬವೊಂದರ 15 ವರ್ಷದ ಹುಡುಗನಿಗೂ ಇದೇ ಕಷ್ಟ ಬಂತು. ಗಂಡುಮಕ್ಕಳು ಹೀಗೆ ಮಾಡಿಕೊಳ್ಳುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಅವರದು ಸಿಟ್ಟಿನ ಮರೆಯಲ್ಲಿ ಮುಚ್ಚಿಹೋಗುತ್ತದೆ. ತಂದೆಗೆ ಇದ್ದ ದೊಡ್ಡ ಹೆದರಿಕೆ ಪೊಲೀಸರದು. ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಹಳೆಯ 309ನೆಯ ಕಲಮೇ ಇಲ್ಲ. ಹೀಗಿರುವಾಗ ಗಾಯಮಾಡಿಕೊಂಡ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ಹೆದರಬೇಕಾದ್ದಿಲ್ಲ. ಇದನ್ನು ವಿವರಿಸಿದ ಮೇಲೆ ಅವರು ಕಾರ್ಕಳದ ತಾಲ್ಲೂಕು ಆಸ್ಪತ್ರೆಗೆ ಹೋದರು. ರಾಜ್ಯ ಸರ್ಕಾರ 2014ರಲ್ಲಿ ‘ಮನೋಚೈತನ್ಯ’ವೆಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಆರಂಭಿಸಿತು, ಯಾವ ಮಂಗಳವಾರವೆಂದು ಆಯಾ ಆಸ್ಪತ್ರೆಯಲ್ಲಿ ವಿಚಾರಿಸಿ ಹೋಗಬೇಕು. ಊರ ಬಾಗಿಲಿಗೇ ಮನೋವೈದ್ಯ ಸೇವೆ ಒಯ್ಯುವ ಈ ಕಲ್ಪನೆ ನಮ್ಮ ಬಳ್ಳಾರಿಯದು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಆ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು.

ಅದೇ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ನಮ್ಮ ಮಠದ ಬಾಲಶಿಬಿರದಲ್ಲಿ ನೂರು ಮಕ್ಕಳು ಸಾಲಾಗಿ ಕೂತಾಗ ಈ ಲೆಕ್ಕ ನನ್ನ ಕಣ್ಣೆದುರು ಬರುತ್ತದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಲಹೆಗಾರರನ್ನು ನೇಮಿಸಬೇಕು, ಸಹಾಯವಾಣಿಯ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂದು ನಿರ್ದೇಶಿಸಿತು. ಮಠಗಳು ನಡೆಸುವ ಶಾಲೆ, ಕಾಲೇಜು, ಪ್ರಸಾದನಿಲಯಗಳೂ ಇದಕ್ಕೆ ಹೊರತಲ್ಲ. ಭಕ್ತರು ಆಡಳಿತ ಮಂಡಳಿಯವರನ್ನು ಇದರ ಬಗ್ಗೆ ವಿನಯದಿಂದಲೇ, ಆದರೆ ಬಿಡದೆ ಕೇಳಬೇಕು. ಆ ಸಂಖ್ಯೆ 14416. ‘ಟೆಲಿ ಮಾನಸ್’ ಎಂದು ಹೆಸರು, 2022ರ ಅಕ್ಟೋಬರ್ 10ರಂದು ಆರಂಭವಾದದ್ದು. ಹಗಲು ರಾತ್ರಿಯೆನ್ನದೆ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಮಕ್ಕಳಷ್ಟೇ ಅಲ್ಲ, ಏನು ಮಾಡಬೇಕೆಂದು ತೋಚದ ತಂದೆತಾಯಿಯೂ ಕರೆ ಮಾಡಬಹುದು.

ನಮ್ಮ ಹುಡುಗಿ 2025ರಲ್ಲಿ ಪರೀಕ್ಷೆ ಬರೆದಳು. ಅಂಕಗಳನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ನಾವು ಪಾಲಿಸಿದ್ದು ಕೆಲವೇ ಸಂಗತಿಗಳು. ಗಾಯಗಳನ್ನು ಎಣಿಸಲಿಲ್ಲ, ದಿನವೂ ತೋಳು ತೋರಿಸೆನ್ನಲಿಲ್ಲ. ರಾತ್ರಿ ಅವಳ ಕೋಣೆಯ ಬಾಗಿಲಿಗೆ ಒಳಚಿಲಕ ಬೇಡವೆಂದು ಅವಳೊಡನೆ ಮಾತಾಡಿಯೇ ಒಪ್ಪಿಸಿದೆವು. ಗದ್ದಲ ಏಳುವ ಹೊತ್ತಿನಲ್ಲಿ, ಅದು ನಡುರಾತ್ರಿಯಾದರೂ, ಅತ್ತೆಯನ್ನು ಎಬ್ಬಿಸಬಹುದು. ಎಬ್ಬಿಸಿದರೆ ಅತ್ತೆ ಪ್ರಶ್ನೆ ಕೇಳದೆ ಚಹಾ ಮಾಡುವಳು. ಎಷ್ಟೋ ರಾತ್ರಿ ಅಡುಗೆಮನೆಯ ದೀಪ ಉರಿದದ್ದು ನನಗೆ ಗೊತ್ತಿದೆ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಪೂಜೆಗೆ ಅವಳನ್ನು ಯಾರೂ ಕರೆಯಲಿಲ್ಲ, ಆದರೆ ಅವಳ ಮಣೆಯನ್ನು ಎತ್ತಿಯೂ ಇಡಲಿಲ್ಲ. ಐದಾರು ತಿಂಗಳ ನಂತರ ಒಂದು ಬೆಳಗ್ಗೆ ತಾನಾಗಿ ಬಂದು ಕೂತಳು, ಮರುದಿನ ಬರಲಿಲ್ಲ, ಆಮೇಲೆ ಬಂದಳು. ಈಗ ಪದವಿ ಓದುತ್ತಿದ್ದಾಳೆ, ವೈದ್ಯರ ಭೇಟಿ ಮುಂದುವರಿದಿದೆ. ಪೂರ್ತಿ ಗುಣವಾಯಿತೆಂದು ಘೋಷಿಸುವ ಆತುರ ನಮಗಿಲ್ಲ.

ಕಳೆದ ಬಾರಿ ಉಡುಪಿಯಲ್ಲಿ ಗೋಷ್ಠಿ ಸೇರಿದಾಗ ಅಕ್ಕನವರ ಈ ವಚನವನ್ನೇ ಓದಿ, ಮೇಲಿನದರಲ್ಲಿ ಹೇಳಬಹುದಾದಷ್ಟನ್ನು ಹೇಳಿದೆ. ಪ್ರಸಾದವಾದ ಬಳಿಕ ಎಲ್ಲರೂ ಹೊರಟ ಮೇಲೆ ಒಬ್ಬರು ಹಿಂದೆ ಉಳಿದರು. ನಾನು ಮಾತಿಗೆಳೆಯಲಿಲ್ಲ. ಚಾಪೆ ಸುತ್ತಲು ಕೈಗೂಡಿಸಿದರು, ತಟ್ಟೆಗಳನ್ನು ಎತ್ತಿಟ್ಟರು, ಕೊನೆಗೆ ಚಪ್ಪಲಿ ಮೆಟ್ಟುತ್ತಾ, ದೊಡ್ಡಣಗುಡ್ಡೆಗೆ ಬಸ್ಸು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಹೇಳಿದೆ.